ಜೀಪಿನಡಿಯ ಮೂರು ಬೋಲ್ಟು

ನಮ್ಮ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಬಿಗಿಯಾದರೂ ಅದು ಕೊನೆಗೆ ನನ್ನ ಮುಂದೆ ಬಂದು ಕೂರುತ್ತದೆ. ಉಪ್ಪಿನಕಾಯಿ ಜಾಡಿ, ಸಕ್ಕರೆ ಕಟ್ಟಿದ ಜೇನುತುಪ್ಪದ ಬಾಟಲಿ, ಪ್ರವಾಸ ಮುಗಿಸಿ ಬಂದ ಮೇಲೆ ಯಾರೂ ತೊಳೆಯದೆ ಬಿಟ್ಟ ಫ್ಲಾಸ್ಕು. ನನ್ನ ಯಜಮಾನರು ನನಗಿಂತ ಎರಡು ಪಟ್ಟು ಗಟ್ಟಿಗರು. ಆದರೂ ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, "ನಿನ್ನ ಕೈಗುಣ ನೋಡು" ಎಂದು ನನಗೇ ತಂದುಕೊಡುತ್ತಾರೆ. ಕೈಗುಣ ಏನೂ ಇಲ್ಲ. ಅವರು ಮೊದಲೇ ತಿರುಗಿಸುತ್ತಾರೆ, ನಾನು ಕೊನೆಗೆ ತಿರುಗಿಸುತ್ತೇನೆ. ಅದಕ್ಕೆ ಮುಂಚೆ ಚಮಚದ ಹಿಡಿಯಿಂದ ಸುತ್ತಲೂ ಸಣ್ಣಗೆ ತಟ್ಟುತ್ತೇನೆ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತೇನೆ, ಆಮೇಲೆ ಅದನ್ನು ಅಲ್ಲೇ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ಇದನ್ನು ನಾನು ಅಡುಗೆಮನೆಯಲ್ಲಿ ಕಲಿತವಳಲ್ಲ. ಗವಿಪುರದ ನಮ್ಮ ಮನೆಯ ಕಾಂಪೌಂಡಿನಲ್ಲಿ, ಒಂದು ಹಳೆಯ ಜೀಪಿನ ಕೆಳಗೆ ಅಂಗಾತ ಮಲಗಿ ಕಲಿತೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮದುವೆ ಆಗಿರಲಿಲ್ಲ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ತೀರಿಕೊಂಡು ಮೂರು ಮಳೆಗಾಲ ಕಳೆದಿತ್ತು. ಅವರು ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಗಿರಣಿಗೆ ರಾಗಿ ಮೂಟೆ ತರಲು ಎಲ್ಲೋ ಹರಾಜಿನಲ್ಲಿ ಕೊಂಡಿದ್ದ ಜೀಪು ನನಗಿಂತ ಹಿರಿಯದು. ಅದರ ಸೀಟು, ಅದರ ಟಾಪು, ಅದರಲ್ಲಿ ಕೂತು ಬಂದ ನಾವು, ಎಲ್ಲರೂ ರಾಗಿಹಿಟ್ಟಿನ ವಾಸನೆ ಹೊಡೆಯುತ್ತಿದ್ದೆವು. ಅಪ್ಪ ಆ ಜೀಪನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಅವರು ಹೋದ ಮೇಲೆ ಗಿರಣಿಯನ್ನು ಬಾಡಿಗೆಗೆ ಕೊಟ್ಟೆವು. ಜೀಪು ಮನೆಯ ಪಕ್ಕದ ನುಗ್ಗೆ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತು. ಮರ ಅದರ ಮೇಲೆ ಹೂ ಉದುರಿಸಿತು, ಎಲೆ ಉದುರಿಸಿತು, ಕಾಲಕ್ಕೆ ಸರಿಯಾಗಿ ಕಂಬಳಿಹುಳವನ್ನೂ ಉದುರಿಸಿತು.

ಅವರೆಕಾಯಿ ಕಾಲದ ಒಂದು ಸಂಜೆ ಅಮ್ಮ, ನಾನು ಮುಂದಿನ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಅಮ್ಮ ಒಂದು ಕಾಳನ್ನು ಹಿತಕಿ ಪಾತ್ರೆಗೆ ಹಾರಿಸಿ ಹೇಳಿದಳು:

"ಜೀಪು ರಿಪೇರಿ ಮಾಡಿಸ್ಬೇಕು."

"ಯಾರಮ್ಮ ಓಡಿಸೋದು?"

"ನಾನು."

ನಾನು ನಕ್ಕೆ. ಅಮ್ಮ ನಗಲಿಲ್ಲ. ಇನ್ನೊಂದು ಕಾಳು ಪಾತ್ರೆಗೆ ಬಿತ್ತು.

"ಮದ್ವೆಗೆ ಮುಂಚೆ ಊರಲ್ಲಿ ಗಾಡಿ ಹೊಡೀತಿದ್ದೆ. ಎರಡೂ ಎತ್ತು ಒಂದೊಂದು ದಿಕ್ಕಿಗೆ ಎಳೆಯೋವು. ಇದಕ್ಕೆ ಆ ತಾಪತ್ರಯ ಇಲ್ವಲ್ಲ," ಅಂದಳು.

ಅಮ್ಮನಿಗೆ ಆಗ ಐವತ್ತು ದಾಟಿತ್ತು. ಸೈಕಲ್ಲು ಕೂಡ ತುಳಿದವಳಲ್ಲ. ಈ ಸುದ್ದಿ ಶ್ರೀರಾಂಪುರದಲ್ಲಿದ್ದ ಚನ್ನಪ್ಪ ಮಾವನಿಗೆ ಮುಟ್ಟಿತು. ಮಾವ ಅಮ್ಮನ ತಮ್ಮ. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಅಪ್ಪ ಹೋದ ಮೇಲೆ ನಮ್ಮ ಮನೆಯ ಗಂಡು ದಿಕ್ಕು ತಾವೇ ಎಂದು ಯಾರೂ ಹೇಳದೆ ವಹಿಸಿಕೊಂಡವರು. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ತರಕಾರಿ ಚೀಲ ಇಟ್ಟುಕೊಂಡು ಬಂದು, ನಲ್ಲಿ ಸೋರುತ್ತಿದೆಯೇ, ಹೆಂಚು ಸರಿದಿದೆಯೇ ನೋಡಿ, ಬೈದು ಹೋಗುತ್ತಿದ್ದರು. ಆ ವಾರ ಬಂದವರು ಚೀಲ ಕೆಳಗಿಡುವುದಕ್ಕೂ ಮುಂಚೆ ಶುರು ಮಾಡಿದರು.

"ಅಕ್ಕಾ, ಅಕ್ಕಿಪೇಟೆ ಹಳೆ ಕಬ್ಬಿಣದೋನಿಗೆ ಹೇಳಿದೀನಿ. ಯುಗಾದಿ ಆದ್ಮೇಲೆ ಬಂದು ಎತ್ಕೊಂಡು ಹೋಗ್ತಾನೆ. ಜಾಗ ಖಾಲಿ ಆಗುತ್ತೆ, ನಾಲ್ಕು ಹೂವಿನ ಕುಂಡ ಇಟ್ಕೋ."

"ಯುಗಾದಿ ತನಕ ಟೈಮ್ ಇದೆ ತಾನೆ?" ಅಂದಳು ಅಮ್ಮ.

"ಇದ್ರೆ?"

"ಅಷ್ಟರೊಳಗೆ ರಿಪೇರಿ ಆದ್ರೆ ಇಟ್ಕೋತೀನಿ. ಆಗ್ದೇ ಇದ್ರೆ ಕೊಟ್ಬಿಡ್ತೀನಿ. ನೀನೇ ಒಬ್ಬ ಮೆಕ್ಯಾನಿಕ್ಕನ್ನ ಕರ್ಕೊಂಡು ಬಾ."

ಮಾವ ತಮ್ಮ ಮಾತನ್ನು ಸಾಬೀತು ಮಾಡುವುದಕ್ಕೇ ಮರುದಿನ ಶ್ರೀರಾಂಪುರದ ಮುನಿರಾಜು ಎಂಬ ಮೆಕ್ಯಾನಿಕ್ಕನ್ನು ಕರೆತಂದರು. ಮುನಿರಾಜು ಬ್ಯಾಟರಿ ತಂದು ಜೋಡಿಸಿದ, ಕಾರ್ಬ್ಯುರೇಟರ್ ತೊಳೆದ, ಟ್ಯಾಂಕನ್ನು ಮೂಸಿ ನೋಡಿ ಎರಡು ಲೀಟರ್ ಪೆಟ್ರೋಲು ಹಾಕಿದ. ಜೀಪು ಒಂದು ಬುಟ್ಟಿಯಷ್ಟು ಕಪ್ಪು ಹೊಗೆ ಕಕ್ಕಿ ಸ್ಟಾರ್ಟ್ ಆಯಿತು. ಮಾವನ ಮುಖ ಸಣ್ಣದಾಯಿತು. ಆಮೇಲೆ ಮುನಿರಾಜು ಕೆಳಗೆ ಬಗ್ಗಿ ನೋಡಿ ಎದ್ದ. ಮಾವನ ಮುಖ ಮತ್ತೆ ಅಗಲವಾಯಿತು.

ವಿಷಯ ಇಷ್ಟೇ. ಜೀಪಿನ ಮೈಭಾರವೆಲ್ಲ ಕೂತಿರುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿನ ಮೇಲೆ. ಗ್ಯಾರೇಜಿನವರ ಬಾಯಲ್ಲಿ ಅದು ಪ್ಲೇಟು. ಹಿಂದುಗಡೆ ಎಡಬದಿಯ ಕಟ್ಟಿನಲ್ಲಿ ಮುಖ್ಯವಾದ ಪ್ಲೇಟೇ ತುಂಡಾಗಿತ್ತು. ಹೊಸದು ಹಾಕಬೇಕಾದರೆ ಹಳೆಯದು ಕೆಳಗಿಳಿಯಬೇಕು. ನಡುವೆ ಆಕ್ಸೆಲ್ಲಿಗೆ ಬಿಗಿದಿದ್ದನ್ನು ಬಿಚ್ಚುವುದು ಸುಲಭ. ಆದರೆ ಎರಡೂ ತುದಿಯಲ್ಲಿ ಕಟ್ಟನ್ನು ಜೀಪಿಗೆ ಹಿಡಿದಿಟ್ಟಿದ್ದ ಮೂರು ಬೋಲ್ಟುಗಳು, ಹಿಂದೆ ಎರಡು, ಮುಂದೆ ಒಂದು, ತುಕ್ಕು ಹಿಡಿದು ಜೀಪಿನ ಮೈಗೇ ಅಂಟಿಕೊಂಡಿದ್ದವು.

"ಪ್ಲೇಟ್ ಹಾಕೋದು ಅರ್ಧ ದಿನದ ಕೆಲ್ಸ ಅಮ್ಮ," ಅಂದ ಮುನಿರಾಜು. "ಈ ಬೋಲ್ಟ್ ಬಿಚ್ಚೋದಕ್ಕೆ ಎಷ್ಟು ದಿನ ಅಂತ ದೇವ್ರಿಗೇ ಗೊತ್ತು. ನನಗೆ ಗ್ಯಾರೇಜಲ್ಲಿ ಗಾಡಿಗಳು ಕಾಯ್ತಾ ಇವೆ. ಬೋಲ್ಟ್ ಆಚೆ ಬಂದ್ರೆ ಹೇಳಿ ಕಳ್ಸಿ, ಬರ್ತೀನಿ."

"ಬಿಚ್ಚೋದು ಹ್ಯಾಗೆ ಅಂತ ಹೇಳ್ಬಿಟ್ಟು ಹೋಗಪ್ಪ," ಅಂದಳು ಅಮ್ಮ.

ಅವನು ಹೇಳಿದ. ಜೊತೆಗೆ ಎರಡು ಸ್ಪ್ಯಾನರು, ಒಂದು ಜಾಕು ಬಿಟ್ಟುಹೋದ. ಹೋಗುವ ಮುಂಚೆ ಜೀಪಿನ ಹಿಂಭಾಗ ಎತ್ತಿ ಚಪ್ಪಡಿ ಕಲ್ಲು, ಮರದ ದಿಮ್ಮಿಗಳನ್ನು ಪೇರಿಸಿ ಭದ್ರ ಮಾಡಿಕೊಟ್ಟ.

ಎಂಟನೇ ತರಗತಿಯವರಿಗೆ ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂದು ನಾನು ವರ್ಷ ವರ್ಷವೂ ಪಾಠ ಮಾಡುತ್ತಿದ್ದೆ. ಹೇಗೆ ಬಿಡಿಸಬೇಕು ಎಂಬುದು ಸಿಲಬಸ್ಸಿನಲ್ಲಿರಲಿಲ್ಲ. ಮರುದಿನ ಶಾಲೆಯಿಂದ ಬಂದು ಹಳೆಯ ಚೂಡಿದಾರ ಹಾಕಿ, ತಲೆಗೆ ಟವೆಲು ಕಟ್ಟಿ, ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ತೂರಿದೆ. ಅಲ್ಲಿ ಗ್ರೀಸು, ಮಣ್ಣು, ವರ್ಷಗಟ್ಟಲೆಯ ರಾಗಿಹಿಟ್ಟು ಸೇರಿ ತಳಹಿಡಿದ ಮುದ್ದೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರು ಹಾಕಿ ಒತ್ತಿದೆ. ಬೋಲ್ಟು ಅಲುಗಲಿಲ್ಲ. ಕಾಲು ಕೊಟ್ಟು ಒದ್ದೆ. ಸ್ಪ್ಯಾನರು ಜಾರಿ ಗೆಣ್ಣಿನ ಚರ್ಮ ಹೋಯಿತು. ಹೊರಗೆ ಬಂದಾಗ ಅಮ್ಮ ಅರಿಶಿನದ ಪುಡಿ ಹಿಡಿದುಕೊಂಡು ನಿಂತಿದ್ದಳು, ಕಾಯುತ್ತಿದ್ದ ಹಾಗೆ.

ನಮ್ಮ ಬೀದಿಯ ಜನ ಸಾಮಾನ್ಯವಾಗಿ ಇನ್ನೊಬ್ಬರ ವಿಷಯಕ್ಕೆ ಬರುವವರಲ್ಲ. ಆದರೆ ಬಿಚ್ಚಲಾಗದ ಬೋಲ್ಟನ್ನು ನೋಡಿ ಸುಮ್ಮನಿರುವುದು ಯಾರಿಂದಲೂ ಆಗುವುದಿಲ್ಲವೆಂದು ಆ ದಿನಗಳಲ್ಲಿ ಗೊತ್ತಾಯಿತು. ಹಾಲಿನವನು ಸೀಮೆಎಣ್ಣೆ ಹಾಕಿ ಎಂದ. ಪಕ್ಕದ ಮನೆಯ ಶಾಮಣ್ಣನವರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಹೊಟ್ಟೆನೋವಿನಿಂದ ಹಿಡಿದು ಬಾಗಿಲಿನ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಹರಳೆಣ್ಣೆಯನ್ನೇ ನಂಬಿದವರು, ಒಂದು ಲೋಟ ಹರಳೆಣ್ಣೆ ತಂದೇ ಕೊಟ್ಟರು. ಬ್ರೇಕ್ ಆಯಿಲ್ ಹಾಕಿ ಎಂದವರಿದ್ದರು. ಬಾಟಲಿಯ ಕಪ್ಪು ಪಾನೀಯ ಹಾಕಿದರೆ ತುಕ್ಕು ಕರಗುತ್ತದೆ ಎಂದು ನನ್ನ ಶಾಲೆಯ ಸಹೋದ್ಯೋಗಿಯೊಬ್ಬರು ಗಂಭೀರವಾಗಿ ಹೇಳಿದರು. ಅಮ್ಮ ಹಿತ್ತಾಳೆ ಪಾತ್ರೆ ಬೆಳಗುವ ಹುಣಿಸೆಹಣ್ಣೇ ಸರಿ ಎಂಬ ಪಟ್ಟು ಬಿಡಲಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎಲ್ಲವನ್ನೂ ಹಾಕಿದೆ. ಮರುದಿನ ಸಂಜೆ ಕೆಳಗೆ ತೂರಿದಾಗ ಬೋಲ್ಟಿಗೆ ಇರುವೆ ಮುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನನಗೂ ಮುತ್ತಿತು. ಆವತ್ತಿನಿಂದ ಸೀಮೆಎಣ್ಣೆ ಒಂದೇ ಎಂದು ತೀರ್ಮಾನ ಮಾಡಿದೆ. ಪ್ರತಿ ಸಂಜೆ ಹಾಕುವುದು, ಸುತ್ತಿಗೆಯಿಂದ ಸಣ್ಣಗೆ ತಟ್ಟುವುದು, ಬಿಟ್ಟುಬರುವುದು.

ಎದುರು ಮನೆಯ ಕಮಲಮ್ಮನವರಿಗೆ ಬೋಲ್ಟಿನ ಚಿಂತೆ ಇರಲಿಲ್ಲ, ನನ್ನ ಚಿಂತೆ ಇತ್ತು.

"ವಯಸ್ಸಿಗೆ ಬಂದ ಹುಡುಗಿ ಹೀಗೆ ಬೀದಿಗೆ ಕಾಣೋ ಹಾಗೆ ಜೀಪಿನ ಕೆಳಗೆ ಮಲಗಿದ್ರೆ, ನೋಡೋಕೆ ಬರೋರು ಏನಂದ್ಕೋತಾರೆ ಜಯಮ್ಮ?"

"ಬೀದಿಗೆ ಕಾಲು ಮಾತ್ರ ಕಾಣುತ್ತೆ ಕಣ್ರೀ," ಅಂದಳು ಅಮ್ಮ. "ಕಾಲು ನೋಡಿ ಒಪ್ಪೋರು ಬರ್ಲಿ ಬಿಡಿ."

ಚನ್ನಪ್ಪ ಮಾವ ಭಾನುವಾರ ಬಂದರು. ಇದು ಆಗುವ ಕೆಲಸವಲ್ಲ ಎಂದು ನನಗೆ ತೋರಿಸಿಕೊಡುವುದೇ ಅವರ ಉದ್ದೇಶ. ಪಂಚೆ ಮೇಲೆತ್ತಿ ಕಟ್ಟಿ, ಅಂಗಿ ಬಿಚ್ಚಿ ನುಗ್ಗೆ ಕೊಂಬೆಗೆ ತಗುಲಿಸಿ ಕೆಳಗೆ ಬಂದರು.

"ನೋಡು, ನೀನು ಆ ಕಡೆ ಬೋಲ್ಟ್ ತಲೆ ಹಿಡ್ಕೋ. ನಾನು ಈ ಕಡೆ ನಟ್ ತಿರುಗಿಸ್ತೀನಿ. ತಿರುಗಲ್ಲ. ತಿರುಗಲ್ಲ ಅಂತ ನಿನ್ನ ಕಣ್ಣಾರೆ ನೋಡು."

ಹಿತ್ತಲಲ್ಲಿ ಬಿದ್ದಿದ್ದ ನಲ್ಲಿ ಪೈಪಿನ ತುಂಡನ್ನು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿ, ಅದರ ತುದಿ ಹಿಡಿದು ಎಳೆದರು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ ಮಾವ."

"ತಿರುಗ್ತಾ?"

"ನಾನೇ ತಿರುಗ್ತಾ ಇದೀನಿ."

ಮೂರನೇ ಸಲ ಎಳೆದಾಗ ಒಣಮರ ಮುರಿದ ಹಾಗೆ ಟಪ್ ಎಂದು ಒಂದು ಸದ್ದು ಬಂತು. ಏನೋ ಮುರಿಯಿತೆಂದು ಇಬ್ಬರೂ ಹೆದರಿದೆವು. ಮುರಿದಿರಲಿಲ್ಲ. ನಟ್ಟು ಒಂದು ಕೂದಲೆಳೆಯಷ್ಟು ಸರಿದಿತ್ತು. ಮಾವ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಮಗುವನ್ನು ಎಬ್ಬಿಸುವ ಹಾಗೆ, ಮತ್ತೆ ಎಳೆದರು. ಅರ್ಧ ಗಂಟೆಯಲ್ಲಿ ಮೊದಲ ಬೋಲ್ಟು ಅವರ ಅಂಗೈಯಲ್ಲಿತ್ತು. ಅವರು ಅದನ್ನು ಹಿಡಿದುಕೊಂಡು ಒಳಗೆ ಹೋಗಿ ಅಮ್ಮನಿಗೆ ತೋರಿಸಿದರು.

"ಆಗಲ್ಲ ಅಂದ್ಯಲ್ಲೋ," ಅಂದಳು ಅಮ್ಮ.

"ಉಳಿದಿದ್ದು ಆಗಲ್ಲ ಅಂದಿದ್ದು," ಅಂದರು ಮಾವ.

ಅವತ್ತಿನಿಂದ ಅವರಿಗೆ ಆ ಹುಚ್ಚು ಹತ್ತಿತು. ಮಾರ್ಕೆಟ್ಟಿನಲ್ಲಿ ಬೆಳಗಿನ ವ್ಯಾಪಾರ ಮುಗಿಸಿ, ಊಟಕ್ಕೂ ಹೋಗದೆ ನೇರ ನಮ್ಮ ಮನೆಗೆ ಬರತೊಡಗಿದರು. ಹಳೆ ಕಬ್ಬಿಣದವನ ಮಾತು ನಿಂತುಹೋಯಿತು. ಅತ್ತೆ ಫೋನು ಮಾಡಿ, "ನಮ್ಮ ಮನೇಲಿ ಫ್ಯಾನು ಕೆಟ್ಟು ಎರಡು ತಿಂಗಳಾಯ್ತು, ಅದನ್ನ ನೋಡೋಕೆ ಟೈಮಿಲ್ಲ ಇವ್ರಿಗೆ," ಎಂದು ಅಮ್ಮನ ಹತ್ತಿರ ದೂರು ಹೇಳಿದರು.

ಎರಡನೆಯ ಬೋಲ್ಟು ಬೇರೆಯೇ ಸ್ವಭಾವದ್ದು. ಅದರ ನಟ್ಟು ಸುಲಭವಾಗಿ ಬಂತು. ಬೋಲ್ಟು ಬರಲಿಲ್ಲ. ಸ್ಪ್ಯಾನರು ಹಾಕಿ ತಿರುಗಿಸಿದರೆ ತಿರುಗುತ್ತಿತ್ತು. ಬಂತು ಬಂತು ಎಂದು ಸಂತೋಷಪಟ್ಟು ಕೈ ಬಿಟ್ಟರೆ ನಿಧಾನವಾಗಿ ವಾಪಸು ತಿರುಗಿ ಮೊದಲಿದ್ದ ಜಾಗಕ್ಕೆ ಬಂದು ಕೂರುತ್ತಿತ್ತು. ಪ್ಲೇಟಿನ ತುದಿಯ ತೂತಿನಲ್ಲಿ ಒಂದು ರಬ್ಬರು ಬುಷ್ಷು, ಅದರೊಳಗೆ ಕಬ್ಬಿಣದ ಕೊಳವೆ, ಕೊಳವೆಯೊಳಗೆ ಬೋಲ್ಟು. ಬೋಲ್ಟು ಕೊಳವೆಗೆ ಕಚ್ಚಿಕೊಂಡಿತ್ತು. ನಾವು ತಿರುಗಿಸುತ್ತಿದ್ದದ್ದು ರಬ್ಬರನ್ನು. ಇದು ಅರ್ಥವಾಗುವುದಕ್ಕೆ ನಮಗೆ ಒಂದು ವಾರ ಬೇಕಾಯಿತು. ಆ ವಾರವೆಲ್ಲ ಮಾವ ಬಂದಾಗ "ಇವತ್ತು ಜಾಸ್ತಿ ತಿರುಗ್ತು" ಎನ್ನುತ್ತಿದ್ದರು, ನಾನು "ಹೌದು ಮಾವ" ಎನ್ನುತ್ತಿದ್ದೆ. ಕೊನೆಗೆ ಗರಗಸದ ಬ್ಲೇಡು ತಂದು, ಪ್ಲೇಟಿಗೂ ಅದನ್ನು ಹಿಡಿದ ಕಬ್ಬಿಣಕ್ಕೂ ನಡುವಿನ ಸಂದಿಯಲ್ಲಿ ತೂರಿಸಿ ಕೊಯ್ದೆವು. ಸಂದಿ ಎಷ್ಟು ಕಿರಿದೆಂದರೆ ಹಿಡಿ ಒಳಗೆ ಹೋಗುತ್ತಿರಲಿಲ್ಲ. ಬರೀ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ಒಬ್ಬರಿಗೆ ಸಾಕಾದ ಮೇಲೆ ಇನ್ನೊಬ್ಬರು. ಬ್ಲೇಡುಗಳು ಒಂದಾದ ಮೇಲೊಂದು ಮುರಿದವು. ಕಬ್ಬಿಣದ ಪುಡಿ ಕಣ್ಣಿಗೆ ಬಿದ್ದು ನಾನು ಎರಡು ದಿನ ಕೆಂಪು ಕಣ್ಣಿನಲ್ಲಿ ಪಾಠ ಮಾಡಿದೆ. ಮನೆಯಲ್ಲಿ ಏನೋ ಕಷ್ಟವಿದೆ, ಟೀಚರ್ ಅಳುತ್ತಿದ್ದಾರೆ ಎಂದುಕೊಂಡು ಹುಡುಗಿಯರು ಎಂದೂ ಇಲ್ಲದಷ್ಟು ಶಿಸ್ತಿನಿಂದ ಕೂತಿದ್ದರು.

ಬೇಸಿಗೆ ಬಂತು. ಯುಗಾದಿಗೆ ಹತ್ತೇ ದಿನವಿದ್ದಾಗ ಉಳಿದದ್ದು ಒಂದೇ ಬೋಲ್ಟು, ಮುಂದಿನದು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಸೀಮೆಎಣ್ಣೆ ಕುಡಿಸಿದ್ದೆವು, ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದೆವು. ಪೈಪಿನ ತುಂಡು ಬಾಗಿತು. ಮುನಿರಾಜುವಿನ ಸ್ಪ್ಯಾನರಿನ ಬಾಯಿ ಅಗಲವಾಯಿತು. ಬೋಲ್ಟು ಮಾತ್ರ ಕೂದಲೆಳೆಯಷ್ಟೂ ಸರಿಯಲಿಲ್ಲ. ಒಂದು ಸಂಜೆ ಮಾವ ಹೊರಗೆ ಬಂದು, ಬೆನ್ನು ಹಿಡಿದುಕೊಂಡು ಕಲ್ಲಿನ ಮೇಲೆ ಕೂತರು.

"ಅಕ್ಕಾ, ನನ್ ಕೈಲಿ ಇನ್ನಾಗಲ್ಲ. ನಿಜ ಹೇಳ್ತಿದೀನಿ."

ಅವರ ದನಿಯಲ್ಲಿ ಸೋತವರ ಬೇಸರವಿತ್ತು. ಶುರುವಿನಲ್ಲಿ ಇದೇ ಮಾತನ್ನು ಎಷ್ಟು ಹುರುಪಿನಿಂದ ಹೇಳಿದ್ದರು. ಅಮ್ಮ ಒಳಗೆ ಹೋಗಿ ಪಾತ್ರೆ ಉಜ್ಜುವ ಕಬ್ಬಿಣದ ನಾರು, ಹಳೆಯ ಚಾಕು, ಟಾರ್ಚು ತಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲದ ಮೇಲೆ ಮಂಡಿಯೂರಿ, ಆಮೇಲೆ ಪೂರ್ತಿ ಮಲಗಿ, ಜೀಪಿನ ಕೆಳಗೆ ಸರಿದಳು. ಅಷ್ಟು ದಿನವೂ ಅವಳು ಕೆಳಗೆ ಬಂದಿರಲಿಲ್ಲ. ನಾನೂ ಪಕ್ಕದಲ್ಲಿ ತೂರಿ ಟಾರ್ಚು ಹಿಡಿದೆ. ಅವಳು ಬೋಲ್ಟನ್ನು ಮುಟ್ಟಲಿಲ್ಲ. ನಟ್ಟಿನ ಹಿಂದೆ, ನಮಗೆ ಸರಿಯಾಗಿ ಕಾಣದ ಕಡೆ ಕೂತಿದ್ದ ಗಟ್ಟಿ ಮಣ್ಣನ್ನು ಚಾಕುವಿನಿಂದ ಕೆರೆದಳು. ನಾರಿನಿಂದ ಉಜ್ಜಿದಳು. ಹಕ್ಕಳೆ ಹಕ್ಕಳೆಯಾಗಿ ಮಣ್ಣು ನಮ್ಮ ಮುಖದ ಮೇಲೆ ಬಿತ್ತು. ಮಣ್ಣಿನ ಅಡಿಯಿಂದ ಒಂದು ಉಬ್ಬು ಕಂಡಿತು, ಕರಗಿದ ಮೇಣ ಹೆಪ್ಪುಗಟ್ಟಿದ ಹಾಗೆ. ನಟ್ಟಿನಿಂದ ಜೀಪಿನ ಕಬ್ಬಿಣದವರೆಗೆ ಹರಡಿತ್ತು.

"ಮಾವ, ಇದಕ್ಕೆ ವೆಲ್ಡಿಂಗ್ ಮಾಡಿದಾರೆ," ಅಂದೆ.

ಮಾವ ಬಗ್ಗಿ ನೋಡಿದರು. "ಯಾವ ತಲೆಕೆಟ್ಟೋನು ಬೋಲ್ಟಿಗೆ ವೆಲ್ಡಿಂಗ್ ಮಾಡ್ತಾನೆ? ಮುಂದೆ ಬಿಚ್ಚೋದು ಬೇಡ್ವಾ?"

ಅಮ್ಮ ಅಲ್ಲೇ ಮಲಗಿದ್ದಳು. ಅವಳ ಹೊಟ್ಟೆ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಟಾರ್ಚು ಅತ್ತ ತಿರುಗಿಸಿದೆ. ಅವಳು ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ನಿಮ್ಮಪ್ಪ," ಅಂದಳು.

ಕೆಳಗೆ ಮಲಗಿಕೊಂಡೇ ಹೇಳಿದಳು. ನಾನು ಇನ್ನೂ ಶಾಲೆಗೆ ಸೇರಿರಲಿಲ್ಲವಂತೆ. ಮಾಗಡಿ ಕಡೆಯ ಅಮ್ಮನ ತವರಿನಿಂದ ಜೀಪಿನಲ್ಲಿ ವಾಪಸು ಬರುವಾಗ ಅವಳಿಗೆ ಕೆಳಗಿನಿಂದ ಟಕ್ ಟಕ್ ಎಂದು ಸದ್ದು ಕೇಳಿಸಿತು. "ರೀ, ಏನೋ ಸದ್ದಾಗ್ತಿದೆ," ಅಂದಳು. "ನಿನ್ನ ಬಳೆ ಸದ್ದು," ಅಂದರು ಅಪ್ಪ. ಅವಳು ಬಳೆಗಳನ್ನು ಮೊಣಕೈಗೆ ಏರಿಸಿ ಹಿಡಿದುಕೊಂಡು, "ಈಗ್ಲೂ ಆಗ್ತಿದೆ," ಅಂದಳು. ಅಪ್ಪ ಜೀಪು ನಿಲ್ಲಿಸಲಿಲ್ಲ. ಇನ್ನೊಂದಷ್ಟು ದೂರ ಹೋಗುವಷ್ಟರಲ್ಲಿ ಬೋಲ್ಟು ಕಳಚಿ ಬಿದ್ದು ಜೀಪು ಒಂದು ಕಡೆಗೆ ವಾಲಿ ನಿಂತಿತು. ಅಪ್ಪ ಇಳಿದು, ಬಂದ ದಾರಿಯಲ್ಲೇ ನೆಲ ನೋಡುತ್ತಾ ನಡೆದುಹೋಗಿ, ಬೋಲ್ಟು ಹುಡುಕಿ ತಂದು ಹೇಗೋ ಸಿಕ್ಕಿಸಿದರು. ಮನೆ ಮುಟ್ಟುವವರೆಗೂ ಒಂದು ಮಾತಾಡಲಿಲ್ಲ. ಮರುದಿನ ಗಿರಣಿಗೂ ಹೋಗದೆ ಜೀಪನ್ನು ಎಲ್ಲಿಗೋ ತೆಗೆದುಕೊಂಡು ಹೋಗಿ ಬಂದರು.

"ನಾನು ಹೇಳಿದ್ದು ಸರಿ ಅಂತ ಬಾಯಲ್ಲಿ ಹೇಳ್ಲಿಲ್ಲ," ಅಂದಳು ಅಮ್ಮ. "ವೆಲ್ಡಿಂಗ್ ಮಾಡಿಸ್ಕೊಂಡು ಬಂದಿದಾರೆ. ಬೋಲ್ಟ್ ಬಿಚ್ಚಬಾರ್ದು ಅಂತಲ್ಲ. ನಾನು ಇನ್ನೊಂದ್ಸಲ ಬಾಯಿ ಬಿಚ್ಚಬಾರ್ದು ಅಂತ."

ಮಾವ ಹೊರಗೆ ಕೂತು, "ಭಾವ ಹಾಗೇನೇ," ಅಂದರು. ಅವರಿಗೂ ನಗು ಬಂದಿತ್ತು. ಅಪ್ಪನ ಬಗ್ಗೆ ಅಷ್ಟು ದಿನ ನಮ್ಮ ಮನೆಯಲ್ಲಿ ಯಾರು ಮಾತಾಡಿದರೂ ದೇವರ ಪಟದ ಮುಂದೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಅವತ್ತು ಜೀಪಿನ ಕೆಳಗೆ ಅವರು ಮತ್ತೆ ಒಬ್ಬ ಮನುಷ್ಯರಾದರು. ರಾತ್ರಿ ಊಟದ ಹೊತ್ತಿನಲ್ಲೂ ಅಮ್ಮ ಅವರ ಹಟಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಹೇಳುತ್ತಿದ್ದಳು. ನಾನು ಅವರ ಜಾಗ ನೋಡಿದೆ. ಅವರು ಇದ್ದಿದ್ದರೆ ಈ ಹೊತ್ತಿಗೆ ತಟ್ಟೆ ಬಿಟ್ಟು ಎದ್ದಿರುತ್ತಿದ್ದರು ಅನಿಸಿತು. ಅವರಿಲ್ಲ ಎಂಬುದು ಆ ರಾತ್ರಿ ನನಗೆ ಸರಿಯಾಗಿ ನಾಟಿತು.

ವೆಲ್ಡಿಂಗ್ ಎಂದು ಗೊತ್ತಾದ ಮೇಲೆ ಉಳಿದದ್ದು ದೊಡ್ಡದೇನಲ್ಲ. ಮುನಿರಾಜು ಕಬ್ಬಿಣ ಸವೆಸುವ ಒಂದು ಕೈ ಗ್ರೈಂಡರು ತಂದ. ನಮ್ಮ ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದಾಗ ಮನೆಯ ಫ್ಯೂಸು ಹೋಯಿತು. ಶಾಮಣ್ಣನವರ ಮನೆಯಿಂದ ವೈರು ಎಳೆದೆವು. ಹರಳೆಣ್ಣೆ ಉಪಯೋಗಕ್ಕೆ ಬರಲಿಲ್ಲವೆಂಬ ಅವರ ಬೇಸರ ಅದರಿಂದ ಸ್ವಲ್ಪ ಕಡಿಮೆಯಾಯಿತು. ಕಿಡಿಗಳು ದೀಪಾವಳಿಯ ಹೂಕುಂಡದ ಹಾಗೆ ಚಿಮ್ಮಿದವು. ವೆಲ್ಡಿಂಗ್ ಸವೆದು, ನಟ್ಟು ಎರಡು ಹೋಳಾಗಿ ಬಿತ್ತು. ಇನ್ನು ಬೋಲ್ಟನ್ನು ಆಚೆಯಿಂದ ಹೊಡೆದು ಕಳಿಸುವುದಷ್ಟೇ ಬಾಕಿ. ಮುನಿರಾಜು ಸುತ್ತಿಗೆ ಎತ್ತಿದ.

"ಕೊಡಪ್ಪ ಇಲ್ಲಿ," ಅಂದಳು ಅಮ್ಮ.

ಮೊದಲ ಏಟು ಜೀಪಿಗೆ ಬಿತ್ತು. ಎರಡನೆಯದು ಸರಿಯಾಗಿ ಬಿತ್ತು. ಆಮೇಲೆ ಅವಳು ನಿಲ್ಲಲಿಲ್ಲ. ಅವಳು ಎಷ್ಟು ಹೊಡೆದಳೋ ನಾನು ಎಣಿಸಲಿಲ್ಲ. ಬೋಲ್ಟು ಆಚೆ ಬಂದು ಕಲ್ಲಿನ ಮೇಲೆ ಬಿದ್ದು ಉರುಳಿತು. ನಾನು ಎತ್ತಿಕೊಟ್ಟೆ. ಅಮ್ಮ ಅದನ್ನು ತಿರುಗಿಸಿ ನೋಡಿ, "ಹಳೆ ಸಾಮಾನಿನೋನು ಬಂದ್ರೆ ಹಾಕ್ಬಿಡು," ಎಂದು ನನ್ನ ಕೈಗೇ ವಾಪಸು ಕೊಟ್ಟು, ಕೈ ತೊಳೆಯಲು ಹೋದಳು. ಯುಗಾದಿಯ ಹಿಂದಿನ ದಿನ ಹೊಸ ಪ್ಲೇಟು ಹತ್ತಿತು. ಅಕ್ಕಿಪೇಟೆಯವನಿಗೆ ಬರಬೇಡ ಎಂದು ಮಾವನೇ ಹೇಳಿ ಬಂದರು.

ಡ್ರೈವಿಂಗ್ ಕಲಿಸಿದವರೂ ಮಾರ್ಕೆಟ್ಟಿನ ಟೆಂಪೋ ಓಡಿಸಿ ಗೊತ್ತಿದ್ದ ಮಾವನೇ, ಬೆಳಗಿನ ಜಾವ ಚಾಮರಾಜಪೇಟೆಯ ಮೈದಾನದಲ್ಲಿ. ಮೊದಲ ದಿನಗಳಲ್ಲಿ ಅಮ್ಮ ಬ್ರೇಕು ಒತ್ತುವ ಬದಲು "ಹೋ, ಹೋ" ಎನ್ನುತ್ತಿದ್ದಳು. ಜೀಪಿಗೆ ಅದು ಅರ್ಥವಾಗುತ್ತಿರಲಿಲ್ಲ. ಮಾವ ಡ್ಯಾಶ್‌ಬೋರ್ಡು ಹಿಡಿದುಕೊಂಡು ದೇವರ ಹೆಸರು ಹೇಳುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಅಮ್ಮನಿಗೆ ಲೈಸೆನ್ಸು ಬಂತು. ಪರೀಕ್ಷೆ ಮಾಡಿದ ಇನ್‌ಸ್ಪೆಕ್ಟರು, "ಯಾವ ಗಾಡಿ ಓಡಿಸ್ತೀರಮ್ಮ, ಸ್ಕೂಟಿನಾ?" ಎಂದು ಕೇಳಿದರಂತೆ. ಅಮ್ಮ ಕಿಟಕಿಯ ಆಚೆ ಬೆರಳು ತೋರಿಸಿದಳಂತೆ.

ಮೊದಲ ದೂರದ ಪ್ರಯಾಣ ಅಮ್ಮನ ತವರಿಗೆ. ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಅಮ್ಮ ಸ್ಟಿಯರಿಂಗಿನ ಮುಂದೆ, ಪಕ್ಕದಲ್ಲಿ ನಾನು, ಹಿಂದೆ ಮಾವ. ಊರಿನ ಮನೆಯಲ್ಲಿ ಅಮ್ಮನ ಅಣ್ಣ ದೊಡ್ಡಮಾವ, ದೊಡ್ಡತ್ತೆ ಬಾಗಿಲಲ್ಲೇ ನಿಂತಿದ್ದರು. ಅಮ್ಮ ಇಳಿದು ಸೆರಗು ಸರಿಮಾಡಿಕೊಂಡು, ಬಸ್ಸಿನಿಂದ ಇಳಿದವಳ ಹಾಗೆ ಏನೂ ಆಗದವಳಂತೆ ಒಳಗೆ ಹೋದಳು. ಮುದ್ದೆ, ಬಸ್ಸಾರು, ಮಾತು, ಮೇಲೆ ಒಂದು ಸುತ್ತು ಎಲೆಯಡಿಕೆ. ದೊಡ್ಡತ್ತೆ ಅಮ್ಮನಿಗೆಂದು ಹಾಸಿಗೆ ದಿಂಬು ಅಂಗಳದ ಬಿಸಿಲಿಗೆ ಹಾಕಿದ್ದರು. ಅಪ್ಪನ ಕಾಲದಲ್ಲಿ ಕ್ರಮ ಹಾಗಿತ್ತು. ಅಪ್ಪ ಅವಳನ್ನು ಬಿಟ್ಟು ಗಿರಣಿಗೆ ವಾಪಸಾಗುತ್ತಿದ್ದರು. ಮುಂದಿನ ಭಾನುವಾರ, ಪುರುಸೊತ್ತಿಲ್ಲದಿದ್ದರೆ ಅದರ ಮುಂದಿನ ಭಾನುವಾರ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಯವರೆಗೆ ಅವಳು ಅಲ್ಲೇ.

ಮೂರು ಗಂಟೆಯ ಹೊತ್ತಿಗೆ ಅಮ್ಮ ಎದ್ದು ಕೈ ತೊಳೆದಳು.

"ಹೊರಡೋಣ," ಅಂದಳು.

"ಇದೇನು ಜಯಾ, ಈಗ ತಾನೆ ಬಂದಿದೀಯ," ಅಂದರು ದೊಡ್ಡತ್ತೆ. "ಹಾಸ್ಗೆ ಬಿಸಿಲಿಗೆ ಹಾಕಿದೀನಿ."

"ಮಡಿಸಿಟ್ಬಿಡಿ ಅತ್ತಿಗೆ. ಬರ್ತಾ ಇರ್ತೀನಲ್ಲ."

ದೊಡ್ಡಮಾವ ಒಂದು ದೊಡ್ಡ ಕುಂಬಳಕಾಯಿ ತಂದು ಹಿಂದಿನ ಸೀಟಿನಲ್ಲಿ ಚನ್ನಪ್ಪ ಮಾವನ ತೊಡೆಯ ಮೇಲಿಟ್ಟರು. ಮಾಗಡಿ ರಸ್ತೆ ಸೇರುವ ಹೊತ್ತಿಗೆ ಮಾವ ಅದನ್ನು ತಬ್ಬಿಕೊಂಡೇ ನಿದ್ದೆ ಹೋಗಿದ್ದರು. ನನಗೆ ಸ್ವಲ್ಪ ಬೇಜಾರಾಗಿತ್ತು. ಗೆಣ್ಣಿನ ಗಾಯ ಮಾದರೂ ಕಲೆ ಹಾಗೇ ಇತ್ತು.

"ಇಷ್ಟೆಲ್ಲ ಒದ್ದಾಡಿ ಬಂದ್ವಿ. ಎರಡು ದಿನ ಇರಬಹುದಾಗಿತ್ತಲ್ಲಮ್ಮ. ನನಗೂ ರಜ ಇತ್ತು," ಅಂದೆ.

ಎದುರಿಗೆ ಲಾರಿ ಬರುತ್ತಿತ್ತು. ಅಮ್ಮ ಅದಕ್ಕೆ ದಾರಿ ಬಿಟ್ಟುಕೊಟ್ಟು, ಗೇರು ಬದಲಾಯಿಸಿ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಬರೋಕೆ ಯಾವಾಗ್ಲೂ ಯಾರಾದ್ರೂ ಕರ್ಕೊಂಡು ಬರ್ತಿದ್ರು ಕಣೆ. ಹೊರಡೋಣ ಅಂತ ನಾನೇ ಹೇಳಿದ್ದು ಇವತ್ತೇ."